ಪಿಸುಮೇಷ್ಟರ ಕ್ಯಾಸೆಟ್ಟು

ಅಟ್ಟದಿಂದ ಮೂರನೆಯ ಪೆಟ್ಟಿಗೆ ಇಳಿಸುವಾಗ ಮಗಳ ಕೈ ಜಾರಿತು. ಕ್ಯಾಸೆಟ್ಟುಗಳೆಲ್ಲ ನಡುಮನೆಯ ನೆಲಕ್ಕೆ ದಡದಡನೆ ಉರುಳಿದವು. ಅಪ್ಪನ ಸುತ್ತ ಕೂತಿದ್ದವರು ಬೆಚ್ಚಿ ಕಾಲು ಒಳಗೆಳೆದುಕೊಂಡರು.

“ಏನೇ ಇದು? ನಿಮ್ಮಪ್ಪನ್ನ ಮಲಗಿಸಿರೋ ಕಡೆ ಹೀಗಾ ಸದ್ದು ಮಾಡೋದು?” ಎಂದಳು ಅತ್ತೆ. ತೀರಿಹೋದವರ ಅಕ್ಕ ಅವಳು. ಎಂಬತ್ತು ದಾಟಿದ್ದರೂ ಗಂಟಲಿಗೆ ಮಾತ್ರ ವಯಸ್ಸಾಗಿರಲಿಲ್ಲ.

“ಸದ್ದಿಗೆ ಏಳೋ ಹಾಗಿದ್ರೆ ಬೆಳಗ್ಗೆಯಿಂದ ತಟ್ಟೆ ಬಡೀತಿದ್ದೆ ಅತ್ತೆ,” ಎಂದು ಮಗಳು ನೆಲದ ಮೇಲೆ ಕೂತು ಒಂದೊಂದೇ ಡಬ್ಬಿಯ ಬೆನ್ನು ಓದತೊಡಗಿದಳು.

ಸ್ಮಶಾನದ ಗಾಡಿ ಬರುವುದು ಮೂರು ಗಂಟೆಗೆ. ಅಷ್ಟರೊಳಗೆ ಅವಳಿಗೆ ಅಪ್ಪನ ದನಿ ಒಂದು ಸಲ ಕೇಳಬೇಕಿತ್ತು.

ನಾಲ್ಕು ವರ್ಷದ ಹಿಂದೆ ಗಂಟಲಿನ ಗಂಟಿನ ಜೊತೆ ಡಾಕ್ಟರು ದನಿಪೆಟ್ಟಿಗೆಯನ್ನೂ ತೆಗೆದಿದ್ದರು. ಅಂದಿನಿಂದ ಅಪ್ಪನ ಮಾತೆಲ್ಲ ಸ್ಲೇಟಿನ ಮೇಲೆ. ‘ಕಾಫಿ ಆರಿದೆ’, ‘ಆ ಫ್ಯಾನು ತಿರುಗೋದು ಹೆಸರಿಗೆ’, ‘ನಿನ್ನ ಗಂಡನಿಗೆ ನನ್ನ ಷರಟು ಆಗುತ್ತೆ, ಕೊಡು’. ಓದುವಾಗ ಅವಳಿಗೆ ದನಿಯೂ ಕೇಳಿಸಿದಂತೆಯೇ ಇರುತ್ತಿತ್ತು. ನಿನ್ನೆ ಬೆಳಗ್ಗೆ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನೆನಪು ಮಾಡಿಕೊಂಡಳು. ಮುಖ ಬಂತು, ನಡಿಗೆ ಬಂತು, ಕೆಮ್ಮು ಕೂಡ ಬಂತು. ದನಿ ಬರಲಿಲ್ಲ. ಮನೆಗೆ ಬಂದವಳೇ ತನ್ನ ಮದುವೆಯ ವಿಡಿಯೋ ಡಿಸ್ಕು ಹಾಕಿ ನೋಡಿದಳು. ಅದರಲ್ಲಿ ಅಪ್ಪ ಹನ್ನೊಂದು ಕಡೆ ಇದ್ದರು, ಹನ್ನೊಂದು ಕಡೆಯೂ ಬಾಯಿ ಆಡಿಸುತ್ತಿದ್ದರು. ಆದರೆ ವಿಡಿಯೋದವನು ಮೊದಲಿಂದ ಕೊನೆಯವರೆಗೆ ಮೇಲೊಂದು ಹಾಡು ಹಾಕಿಬಿಟ್ಟಿದ್ದ.

ಫೋನಿನಲ್ಲಿದ್ದುದು ಬರೀ ಫೋಟೋ. ಅಪ್ಪನ ದನಿ ಈ ಲೋಕದಲ್ಲಿ ಉಳಿದಿದ್ದು ಒಂದೇ ಕಡೆ. ಅದೂ ಎರಡೇ ಪದ.

“ಸಿಕ್ತು,” ಎಂದು ಮಗಳು ಡಬ್ಬಿಯನ್ನು ಸೆರಗಿನಿಂದ ಒರೆಸಿದಳು. ಮೇಲೆ ಕನ್ನಡಿಯ ಮುಂದೆ ಉದ್ದ ಜಡೆಯ ಹೆಂಗಸಿನ ಚಿತ್ರ. ‘ಒಡತಿಯ ಕನ್ನಡಿ’.

ಅತ್ತೆಯ ಮುಖ ಕಪ್ಪಿಟ್ಟಿತು. “ಅದಾ? ಅದನ್ನ ಹಾಕ್ತೀಯಾ ಇವತ್ತು? ಸಾವಿನ ಮನೇಲಿ ಸಿನಿಮಾ ನೋಡೋದು ಒಂದು ಕಡೆ ಇರ್ಲಿ. ಅವನ ಅನ್ನ ಕಿತ್ಕೊಂಡ ಸಿನಿಮಾ ಕಣೇ ಅದು.”

“ಅನ್ನ ಕಿತ್ಕೊಂಡಿದ್ದು ಸಿನಿಮಾ ಅಲ್ಲ ಅತ್ತೆ, ಮನುಷ್ಯರು.”

“ಮನುಷ್ಯರ ಮಾತು ಯಾಕೆ ಬಂತು? ತಪ್ಪು ಇವನದ್ದೇ. ಯಾವಾಗ ಬಾಯಿ ಬಿಡ್ಬೇಕು ಅನ್ನೋದು ಗೊತ್ತಿರ್ಲಿಲ್ಲ. ನನ್ನ ತಮ್ಮ ಅಂತ ನಾನು ಸುಳ್ಳು ಹೇಳ್ಲಾ?”

ಗೋಡೆಗೊರಗಿ ಕೂತಿದ್ದ ಅಮ್ಮ ತಲೆ ಎತ್ತಿದಳು. “ಹಾಕ್ಲಿ ಬಿಡಿ ಅಕ್ಕ,” ಎಂದಳು. “ನಂಗೂ ಕೇಳ್ಬೇಕು.”

ಅತ್ತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

*

ಪಿಸುಮೇಷ್ಟರು ಎಂದು ಎಲ್ಲರೂ ಕರೆಯುತ್ತಿದ್ದ ಅಪ್ಪ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಾಟಕ ಕಂಪನಿಯಲ್ಲಿ ಪ್ರಾಂಪ್ಟರು. ರಂಗದ ಎಡಪಕ್ಕದ ಪರದೆಯ ಹಿಂದೆ ಗಿಡ್ಡ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಪಿಸುಗುಟ್ಟಿ ನೆನಪಿಸುವುದು ಅವರ ಕೆಲಸ. ರಾಜನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರ ಮಾತೂ ಬಾಯಿಗೆ ಬರುತ್ತಿದ್ದುದರಿಂದ ಕಂಪನಿಯವರೇ ಆ ಹೆಸರಿಟ್ಟಿದ್ದರು.

ಆ ಕಸುಬಿಗೆ ಎರಡು ಕಟ್ಟಳೆ. ಪೂರ್ತಿ ಮಾತು ಕೊಡಬಾರದು. ಮೊದಲ ಎರಡು ಪದ ಕೊಟ್ಟರೆ ಸಾಕು, ಉಳಿದದ್ದನ್ನು ನಟನೇ ಎತ್ತಿಕೊಳ್ಳಬೇಕು. ಇನ್ನೊಂದು, ಯಾರು ಎಲ್ಲಿ ಮರೆತರು ಎನ್ನುವುದು ಪರದೆ ದಾಟಿ ಆಚೆಗೆ ಹೋಗಬಾರದು. ಹೋದರೆ ಮಾರನೆಯ ದಿನದಿಂದ ಯಾವ ನಟನೂ ಧೈರ್ಯವಾಗಿ ರಂಗಕ್ಕೆ ಬರುವುದಿಲ್ಲ.

ಹೊಸ ನಾಟಕ ಬಂದಾಗ ಮನೆಯಲ್ಲಿ ಹೆಂಡತಿಯೇ ಅಭ್ಯಾಸಕ್ಕೆ. ಅವಳು ತರಕಾರಿ ಹೆಚ್ಚುತ್ತ ಕೂತಿದ್ದರೆ ಮೇಷ್ಟರು ಬಾಗಿಲಲ್ಲಿ ನಿಂತು ಎರಡು ಪದ ಎಸೆಯುವರು. ಅವಳು ಈಳಿಗೆಯಿಂದ ಕಣ್ಣು ತೆಗೆಯದೆ ಉಳಿದದ್ದು ಹೇಳುವಳು. ತಪ್ಪಿದರೆ, “ಸಾರಿಗೆ ಉಪ್ಪು ಮರೀತೀನಾ? ಇದ್ಯಾವ ಮಹಾ,” ಎಂದು ತನ್ನನ್ನೇ ಗದರಿಕೊಳ್ಳುವಳು.

ಮಗಳಿಗೆ ಏಳು ವರ್ಷವಿದ್ದಾಗ ಸ್ಟೂಲಿನ ಪಕ್ಕದಲ್ಲಿ ಕೂರುವುದು ಅವಳ ಹಟ. ಒಂದು ಸಲ ನಟನೊಬ್ಬ ಮಾತಿನ ನಡುವೆ ಗಕ್ಕನೆ ನಿಂತ. “ಅಪ್ಪಾ, ಹೇಳ್ಕೊಡು,” ಎಂದು ಅವಳು ತೋಳು ಹಿಡಿದೆಳೆದಳು. ಮೇಷ್ಟರು ಅಲ್ಲಾಡಲಿಲ್ಲ. ನಟ ತಾನಾಗಿಯೇ ಮುಂದುವರಿಸಿದ. ಆಮೇಲೆ ಹೇಳಿದರು: “ಬೇಕಂತ ನಿಲ್ಲಿಸಿದೋರ ಕಣ್ಣು ಎದುರಿಗಿರೋರ ಮೇಲಿರುತ್ತೆ ಮಗಳೇ. ಮರೆತೋರ ಕಣ್ಣು ನೆಲ ಹುಡುಕುತ್ತೆ, ಏನೋ ಬೀಳಿಸ್ಕೊಂಡೋರ ಹಾಗೆ.”

‘ಒಡತಿಯ ಕನ್ನಡಿ’ ನಾನೂರು ಪ್ರಯೋಗ ಕಂಡ ಮೇಲೆ ಅದನ್ನು ಸಿನಿಮಾ ಮಾಡಲು ಒಬ್ಬ ನಿರ್ದೇಶಕ ಬಂದ. ಅದೇ ರಂಗ, ಅದೇ ನಟರು. ಮಾತನ್ನೂ ಆಮೇಲೆ ಡಬ್ಬಿಂಗ್ ಮಾಡದೆ ಅಲ್ಲೇ, ಆಗಲೇ ಹಿಡಿಯಬೇಕು ಎನ್ನುವುದು ಅವನ ಹಟ. ಕೊನೆಯ ದೃಶ್ಯದಲ್ಲಿ ಜಡೆ ಹಿಡಿದು ಎಳೆದಾಡುವ ಗಂಡನ ಮನೆ ಬಿಟ್ಟು ಹೊರಟ ಒಡತಿ ತನ್ನ ಜಡೆ ಕತ್ತರಿಸಿ ಅವನ ಮುಂದಿಡುತ್ತಾಳೆ. ನಾಟಕದಲ್ಲಿ ದಿನವೂ ಕಟ್ಟುಜಡೆ. ಸಿನಿಮಾಕ್ಕೆ ನಿಜವಾದ ಜಡೆಯೇ ಆಗಬೇಕು ಎಂದ ನಿರ್ದೇಶಕ. ನಾಯಕಿ ಒಪ್ಪಿದಳು. ಒಂದು ಸಲ ಕತ್ತರಿಸಿದರೆ ಮುಗಿಯಿತು, ಎರಡನೆಯ ಸಲ ತೆಗೆಯುವ ಮಾತೇ ಇಲ್ಲ.

ಸಿನಿಮಾಕ್ಕೆ ಪ್ರಾಂಪ್ಟರು ಬೇಕಿಲ್ಲ. ಮೇಷ್ಟರನ್ನು ಯಾರೂ ಕರೆದಿರಲಿಲ್ಲ. ಆದರೆ ಸ್ಟೂಲು ಅದರ ಜಾಗದಲ್ಲೇ ಇತ್ತು, ಅವರು ಅದರ ಮೇಲೆ ಕೂತರು. ನಾನೂರು ದಿನದ ಅಭ್ಯಾಸ.

ಕತ್ತರಿ ಆಡಿತು. ಜಡೆ ಕೈಗೆ ಬಂತು. ನಾಯಕಿ ಸುಮ್ಮನಾದಳು. ಒಂದು ಉಸಿರು, ಎರಡು ಉಸಿರು, ಮೂರು. ಎಡಪಕ್ಕದಿಂದ ಪಿಸುದನಿ ಬಂತು: “ಎಳೆದಾಡೋಕೆ ಇದು…”

“ಎಳೆದಾಡೋಕೆ ಇದು ಇರಲಿ,” ಎಂದಳು ನಾಯಕಿ. “ನಾನು ಹೊರಟೆ.”

ದೃಶ್ಯ ಮುಗಿಯಿತು. ನಿರ್ದೇಶಕ ಕುರ್ಚಿ ಒದ್ದು ಎದ್ದ. ಯಾರದು ಆ ದನಿ, ಯಾಕೆ ಬಂತು, ನೀನು ಮಾತು ಮರೆತೆಯಾ ಎಂದು ಕಿರುಚಿದ. ನಾಯಕಿ ಇಲ್ಲವೆಂದಳು. ಬೇಕೆಂದೇ ನಿಲ್ಲಿಸಿದ್ದೆ, ಮೇಷ್ಟರು ಅವಸರಪಟ್ಟರು ಎಂದಳು. ಮೇಷ್ಟರು ಸ್ಟೂಲಿನಿಂದೆದ್ದು ನಿಂತರು. “ಹೌದು, ತಪ್ಪಾಯ್ತು,” ಎಂದರು. ಸಂಜೆಯೊಳಗೆ ಕಂಪನಿಯ ಮಾಲೀಕ ಅವರನ್ನು ಮನೆಗೆ ಕಳಿಸಿದ.

*

ಕ್ಯಾಸೆಟ್ ಸಾಹುಕಾರರು ಹನ್ನೆರಡೂವರೆಗೆ ಬಂದರು, ಮಗುವನ್ನೆತ್ತಿಕೊಂಡಂತೆ ಹಳೆಯ ಪ್ಲೇಯರನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು. ಊರಿಗೆಲ್ಲ ಬಾಡಿಗೆಗೆ ಸಿನಿಮಾ ಕೊಡುತ್ತಿದ್ದ ಅವರ ಕ್ಯಾಸೆಟ್ ಲೈಬ್ರರಿಯಲ್ಲಿ ಮೇಷ್ಟರು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದರು. ಸಾಹುಕಾರರು ಮೊದಲು ಮೇಷ್ಟರ ಮುಖ ನೋಡಿದರು, ಮೂಗೊರೆಸಿಕೊಂಡರು. ಆಮೇಲೆ ಟೀವಿಯ ಹಿಂದೆ ಹೋಗಿ ಬಗ್ಗಿದರು.

“ಪುಣ್ಯ, ನಿಮ್ಮದು ಹಳೇ ಟೀವಿ. ಈಗಿನವಕ್ಕೆ ಈ ವೈರು ಚುಚ್ಚೋ ತೂತೇ ಇರಲ್ಲ,” ಎಂದರು. ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದರು. “ಬೂಷ್ಟು ಹಿಡ್ದಿದೆಯಲ್ಲಮ್ಮ. ಒಂದು ಸಲ ಓಡುತ್ತೆ ಅಂತಿಟ್ಕೋ. ಎರಡನೇ ಸಲಕ್ಕೆ ನಾನು ಜವಾಬ್ದಾರ ಅಲ್ಲ.”

“ಒಂದು ಸಲ ಸಾಕು ಮಾಮ.”

“ಹಾಗಂತ ಎಲ್ರೂ ಹೇಳ್ತಾರೆ,” ಎಂದು ಅವರು ಹತ್ತಿಯಿಂದ ಪ್ಲೇಯರಿನ ಒಳಗನ್ನು ಒರೆಸತೊಡಗಿದರು.

*

ಲೈಬ್ರರಿಯಲ್ಲಿ ಮೇಷ್ಟರದ್ದೇ ಒಂದು ಕಪಾಟು ಇತ್ತು. ‘ನಾಟಕದಿಂದ ಬಂದ ಸಿನಿಮಾಗಳು’ ಎಂದು ಅವರೇ ದುಂಡಗೆ ಬರೆದು ಅಂಟಿಸಿದ್ದರು. ನಲವತ್ತಮೂರು ಕ್ಯಾಸೆಟ್ಟು, ಹೆಚ್ಚಿನವು ಕಪ್ಪುಬಿಳುಪು. ಯಾರಾದರೂ ಕೈಯಿಟ್ಟರೆ ಎದ್ದು ಬರುವರು.

“ಮೊದಲಿನ ಅರ್ಧ ಗಂಟೆ ಒಂದೇ ಕೋಣೆ. ಎದ್ದು ಹೋಗ್ಬೇಡಿ.”

“ಫೈಟ್ ಇದೆಯಾ ಮೇಷ್ಟ್ರೇ?”

“ಇದೆ, ಬಾಯಲ್ಲಿ.”

ಕೆಲವರು ಮಾರನೆಯ ದಿನವೇ ತಂದು ಕುಕ್ಕುವರು: “ಬರೀ ಮಾತು ಮೇಷ್ಟ್ರೇ, ನಮ್ಮನೇಲಿ ಇದಕ್ಕಿಂತ ಜೋರಾಗಿ ನಡಿಯುತ್ತೆ.” ಇನ್ನು ಕೆಲವರು ಆ ನಲವತ್ತಮೂರನ್ನೂ ನೋಡಿ ಮುಗಿಸಿ ಮತ್ತೆ ಮೊದಲಿಂದ ಶುರು ಮಾಡುವರು. ಅವರಿಗಾಗಿ ಮೇಷ್ಟರು ಡಬ್ಬಿಗಳೊಳಗೆ ಚೀಟಿ ಇಡುತ್ತಿದ್ದರು. ‘ನಾಟಕದಲ್ಲಿ ಎರಡನೇ ಅಂಕದ ಕೊನೆಗೆ ಅಡುಗೆಯವಳಿಗೆ ಒಂದು ಮಾತಿತ್ತು. ಸಿನಿಮಾದವರು ಬಿಟ್ಟಿದ್ದಾರೆ. ಅದು ಹೀಗಿದೆ.’ ಕೆಳಗೆ ಆ ಮಾತು, ಪೂರ್ತಿ. ಕಾಗದದಲ್ಲಿ ಮಾತ್ರ ಅವರು ತಮ್ಮ ಮೊದಲನೆಯ ಕಟ್ಟಳೆ ಮುರಿದಿದ್ದರು. ದರ್ಜಿಯ ಹೆಂಡತಿ ಒಬ್ಬಳು ಸಿನಿಮಾ ತಿರುಗಿ ಕೊಟ್ಟು ಚೀಟಿ ಇಟ್ಟುಕೊಂಡಳಂತೆ.

‘ಒಡತಿಯ ಕನ್ನಡಿ’ಯೂ ಕ್ಯಾಸೆಟ್ಟಾಗಿ ಬಂತು. ಅದನ್ನು ಮೇಷ್ಟರು ಅಡಗಿಸಲಿಲ್ಲ, ತಾವಾಗಿ ಯಾರಿಗೂ ಕೊಡಲೂ ಇಲ್ಲ. ಆದರೂ ಜನ ಒಯ್ದರು. ಆ ಪಿಸುದನಿಯ ಮೇಲೆ ಕೌಂಟರಿನಲ್ಲಿ ನಿಂತು ಜಗಳವಾಡಿದರು. ಸತ್ತ ತಾಯಿಯ ದನಿ ಎಂದರು ಕೆಲವರು. ಅಲ್ಲ, ಅವಳ ಮನಸ್ಸಿನದೇ ಎಂದರು ಕೆಲವರು. “ನೀವೇನಂತೀರಿ ಮೇಷ್ಟ್ರೇ?” ಎಂದರೆ ಅವರು ತಾರೀಖಿನ ಮೊಹರು ಒತ್ತುತ್ತ, “ನಿಮಗೆ ಹೇಗನ್ಸುತ್ತೋ ಹಾಗೆ,” ಎನ್ನುವರು. ಆ ಸಿನಿಮಾದಿಂದ ನಾಯಕಿಗೆ ದೊಡ್ಡ ಹೆಸರು ಬಂತು.

ಕ್ಯಾಸೆಟ್ಟು ಹೋಗಿ ಡಿಸ್ಕು ಬಂದಾಗ ಯಾರೋ ಆ ಸಿನಿಮಾವನ್ನು ತೊಳೆದು ಬಳಿದು ಹೊಸದಾಗಿ ತಂದರು. ಮನೆಯಲ್ಲಿ ಎಲ್ಲರೂ ಕೂತು ನೋಡಿದರು. ಕತ್ತರಿ ಆಡಿತು, ಜಡೆ ಕೈಗೆ ಬಂತು. ಆಮೇಲೆ ಬರೀ ಮೌನ. ಪಿಸುದನಿ ಇರಲಿಲ್ಲ. ಕೊಳೆಯೆಂದು ತಿಳಿದು ಅದನ್ನೂ ಒರೆಸಿದ್ದರು.

ಮಗಳು ಉರಿದುಬಿದ್ದಳು. ಮೇಷ್ಟರು ನಕ್ಕರು. “ಈಗ ಸರಿಯಾಯ್ತು ಬಿಡು. ಆ ಮೌನ ಹೀರೋಯಿನಮ್ಮನಿಗೆ ಸೇರ್ಬೇಕಾಗಿದ್ದೇ.”

“ಅಪ್ಪಾ, ನಿಜ ಹೇಳಿ. ಅವರು ಮರೆತಿದ್ರಾ?”

“ಪ್ರಾಂಪ್ಟರನ್ನ ಕೇಳೋ ಪ್ರಶ್ನೆಯೇನೇ ಅದು?” ಎಂದು ಎದ್ದು ಹೋಗಿ ಚಪ್ಪಲಿ ಹಾಕಿಕೊಂಡರು.

*

ಒಂದು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಕೂತವರಲ್ಲಿ ಗುಜುಗುಜು ಎದ್ದಿತು: “ಹೀರೋಯಿನಮ್ಮ, ಹೀರೋಯಿನಮ್ಮ.” ಬಿಳಿಯ ಸೀರೆ, ಕತ್ತಿನವರೆಗಿನ ನರೆಗೂದಲು. ಆ ದೃಶ್ಯದ ನಂತರ ಅವರು ಜಡೆ ಬೆಳೆಸಿಯೇ ಇರಲಿಲ್ಲ ಎಂದು ಜನ ಹೇಳುತ್ತಿದ್ದರು.

ಅತ್ತೆ ಕೂತಲ್ಲಿಂದಲೇ ಎಂದಳು, “ಬಂದ್ರಾ? ಮೂವತ್ತಾರು ವರ್ಷ ಆದ್ಮೇಲೆ ದಾರಿ ಗೊತ್ತಾಯ್ತಾ?”

“ದಾರಿ ಯಾವತ್ತೂ ಗೊತ್ತಿತ್ತು ಅಕ್ಕ. ಬರೋ ಮುಖ ಇರ್ಲಿಲ್ಲ.”

ಅಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಹೀರೋಯಿನಮ್ಮ ಮೇಷ್ಟರ ಕಾಲ ಬಳಿ ಕೂತರು. ಟೀವಿಯ ಮೇಲಿದ್ದ ಡಬ್ಬಿ ಕಣ್ಣಿಗೆ ಬಿದ್ದಾಗ ಎದ್ದುಹೋಗುವವರಂತೆ ಊರುಗೋಲು ಹಿಡಿದರು. ಏಳಲಿಲ್ಲ.

“ಅಪ್ಪನ ದನಿ ಅದರಲ್ಲಿ ಮಾತ್ರ ಇದೆ,” ಎಂದಳು ಮಗಳು. “ನಿಮಗೆ ಕಷ್ಟ ಆದ್ರೆ ಒಳಗೆ ಕೂತ್ಕೊಳ್ಳಿ.”

“ಇಲ್ಲಮ್ಮ. ನಾನೂ ಕೇಳ್ತೀನಿ.”

ಸಾಹುಕಾರರು ಕ್ಯಾಸೆಟ್ಟು ತೂರಿಸಿದರು. ತೆರೆಯ ಮೇಲೆ ಗೆರೆಗಳು ಓಡಿದವು, ಆಮೇಲೆ ಒಂದು ಕೋಣೆ, ಒಂದು ಕನ್ನಡಿ. ಅವರು ಮುಂದಕ್ಕೆ ಓಡಿಸುತ್ತ, ನಿಲ್ಲಿಸುತ್ತ ಕೊನೆಯ ದೃಶ್ಯಕ್ಕೆ ತಂದರು. ಬಾಗಿಲಲ್ಲಿ ನಿಂತಿದ್ದ ಗಂಡಸರೂ ಒಳಗೆ ಬಂದರು. ಯಾರೋ ಫ್ಯಾನು ನಿಲ್ಲಿಸಿದರು.

ಕತ್ತರಿ ಆಡಿತು. ಇಪ್ಪತ್ತಾರರ ಹೆಣ್ಣಿನ ಕೈಗೆ ಜಡೆ ಬಂತು. ಅವಳು ಅದನ್ನು ನೋಡಿದಳು. ಬಾಯಿ ತೆರೆಯಿತು. ಕಣ್ಣು ಎದುರಿಗಿದ್ದ ಗಂಡನ ಮೇಲಿರಲಿಲ್ಲ. ನೆಲದ ಮೇಲೆ ಅತ್ತಿಂದಿತ್ತ ಓಡಾಡಿತು. ಮಗಳು ಆ ಕಣ್ಣು ನೋಡಿದಳು. ಡಿಸ್ಕಿನಲ್ಲಿ ಸಿಟ್ಟಿನಿಂದ ದನಿ ಹುಡುಕುತ್ತಿದ್ದವಳು ಕಣ್ಣು ನೋಡಿರಲೇ ಇಲ್ಲ.

“ಎಳೆದಾಡೋಕೆ ಇದು…”

ತೀರಾ ಸಣ್ಣಗೆ, ಸ್ವಲ್ಪ ಮೂಗಿನಲ್ಲಿ, ಕೊನೆಯಲ್ಲಿ ತುಸು ಎತ್ತಿದ ದನಿ. ಹೌದು, ಹೀಗೇ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

“ಇರಲಿ. ನಾನು ಹೊರಟೆ,” ಎಂದಳು ಅಮ್ಮ.

ಟೀವಿಯ ಹೆಣ್ಣಿಗಿಂತ ಮುಂಚೆಯೇ ಹೇಳಿಬಿಟ್ಟಿದ್ದಳು, ಅಡುಗೆಮನೆಯಲ್ಲಿ ಹೇಳುತ್ತಿದ್ದಂತೆ, ಸಲೀಸಾಗಿ. ಹೇಳಿದ ಮೇಲೆ ಎಲ್ಲರೂ ತನ್ನನ್ನೇ ನೋಡುತ್ತಿರುವುದು ತಿಳಿದು ಮಂಡಿಯ ಮೇಲೆ ಮುಖವಿಟ್ಟುಕೊಂಡಳು. ಭುಜ ಅಲುಗಿತು. ನಿನ್ನೆಯಿಂದ ಅವಳು ಅತ್ತಿದ್ದು ಅದೇ ಮೊದಲು.

ಸಾಹುಕಾರರು ಪ್ಲೇಯರು ನಿಲ್ಲಿಸಿದರು.

“ನೀವು ಮರೆತಿದ್ರಿ,” ಎಂದಳು ಮಗಳು, ಹೀರೋಯಿನಮ್ಮನ ಕಡೆ ತಿರುಗದೆ.

“ಹೂಂ. ಮರೆತಿದ್ದೆ.” ಅವರು ಊರುಗೋಲನ್ನು ನೆಲದ ಮೇಲೆ ಮಲಗಿಸಿದರು. “ಜಡೆ ಕೈಗೆ ಬಂದಾಗ ಅದರ ಭಾರಕ್ಕೆ ಹೆದರಿದೆ. ಅಷ್ಟು ಭಾರ ಇರುತ್ತೆ ಅಂತ ಗೊತ್ತಿರ್ಲಿಲ್ಲ. ಎಲ್ಲಾ ಮಾತೂ ಹಾರಿಹೋಯ್ತು. ಮೇಷ್ಟ್ರು ಹೇಳ್ಕೊಡದೇ ಇದ್ದಿದ್ರೆ ಅಲ್ಲೇ ಕೂತು ಅಳ್ತಿದ್ದೆ. ನಂದು ಮೊದಲನೇ ಸಿನಿಮಾ. ಡೈರೆಕ್ಟ್ರು ಕಿರುಚ್ತಿದಾರೆ, ಯಾರ ತಪ್ಪು, ಯಾರ ತಪ್ಪು ಅಂತ. ಬಾಯಿ ಬಿಟ್ಟೆ. ಬಂದಿದ್ದು ಅವರ ಹೆಸರು.”

“ಆಮೇಲೆ ಮೂವತ್ತಾರು ವರ್ಷ ಬಾಯಿ ಹೊಲ್ಕೊಂಡಿತ್ತಾ?” ಎಂದಳು ಅತ್ತೆ.

“ಮೊದಲ ವಾರ ಹೇಳಿದ್ರೆ ಹೇಳ್ಬಹುದಿತ್ತು ಅಕ್ಕ. ಹೆಸರು ಬಂದ್ಮೇಲೆ ಆಗ್ಲಿಲ್ಲ. ವರ್ಷ ಹೋದಷ್ಟೂ ಬಾಗಿಲು ಭಾರ ಆಗುತ್ತೆ.”

“ಅವನಿಗೆ ಗೊತ್ತಿತ್ತಾ? ನೀವು ಮರೆತಿದ್ದು?”

“ಗೊತ್ತಿದ್ದಕ್ಕೇ ಅಲ್ವಾ ಹೇಳ್ಕೊಟ್ಟಿದ್ದು.”

ಅತ್ತೆ ಅಮ್ಮನ ಕಡೆ ತಿರುಗಿದಳು. “ನಿಂಗೂ ಗೊತ್ತಿತ್ತೇನೇ?”

ಅಮ್ಮ ಮಂಡಿಯಿಂದ ಮುಖ ಎತ್ತಲಿಲ್ಲ. “ಆಚೆ ಹೋಗ್ಬಾರ್ದು ಅಂದಿದ್ರು ಅಕ್ಕ.”

ಅತ್ತೆ ತಮ್ಮನ ಮುಖ ನೋಡಿದಳು. “ದಡ್ಡ ದಡ್ಡ ಅಂತ ಬೈದೆನಲ್ಲೋ,” ಎಂದಳು. “ಹಬ್ಬಕ್ಕೆ ಬಂದಾಗ್ಲೂ ಬೈದೆ, ಆಸ್ಪತ್ರೇಲೂ ಬೈದೆ. ಸ್ಲೇಟಲ್ಲಿ ‘ಹೌದಕ್ಕ’ ಅಂತ ಬರ್ದು ತೋರಿಸಿದ್ನಲ್ಲೇ ಇವನು.” ಸೆರಗಿನಿಂದ ಕಣ್ಣನ್ನು ಗಟ್ಟಿಯಾಗಿ ಉಜ್ಜಿಕೊಂಡಳು. ಸಾಹುಕಾರರಿಗೆ ಹೇಳಿದಳು: “ಇನ್ನೊಂದ್ಸಲ ಹಾಕಿ.”

“ಅಕ್ಕ, ಆಗ್ಲೇ ಹೇಳಿದ್ನಲ್ಲ…”

“ಹಾಕಿ ಅಂದೆ. ಆಗ ಕಿಟಕಿ ನೋಡ್ತಿದ್ದೆ ನಾನು. ಸರಿಯಾಗಿ ಕೇಳಿಸ್ಕೊಳ್ಲಿಲ್ಲ.”

“ಹಾಕಿ ಮಾಮ,” ಎಂದ ಅಳಿಯ. “ಫೋನಲ್ಲಿ ಹಿಡ್ಕೊಂಡುಬಿಡ್ತೀನಿ. ಮತ್ತೆ ಮತ್ತೆ ಹಾಕೋದು ತಪ್ಪುತ್ತೆ.”

ಅದು ನ್ಯಾಯದ ಮಾತು. ಸಾಹುಕಾರರು ಹಿಂದಕ್ಕೆ ಸುತ್ತಿದರು. ಅಳಿಯ ಫೋನನ್ನು ಟೀವಿಗೆ ಹತ್ತಿರ ಹಿಡಿದ. ಅತ್ತೆಯನ್ನು ಇಬ್ಬರು ಹಿಡಿದು ಮುಂದೆ ಕೂರಿಸಿದರು. ಕತ್ತರಿ ಆಡಿತು. ಜಡೆ ಕೈಗೆ ಬಂತು. ಹೆಣ್ಣಿನ ಬಾಯಿ ತೆರೆಯಿತು. ಚಿತ್ರ ಮೇಲಕ್ಕೆ ಜಗ್ಗಿ ಸೊಟ್ಟಗಾಯಿತು. ಪ್ಲೇಯರಿನ ಹೊಟ್ಟೆಯೊಳಗೆ ಕರಕರ ಎಂದಿತು.

“ಅಯ್ಯೋ,” ಎಂದು ಸಾಹುಕಾರರು ವೈರು ಕಿತ್ತರು.

ಆಮೇಲೆ ಮುಚ್ಚಳದ ಸ್ಕ್ರೂ ಬಿಚ್ಚಿದರು. ಒಳಗೆ ಕಂದು ಬಣ್ಣದ ಟೇಪು ಚಕ್ರಗಳಿಗೆ ಸಿಕ್ಕಿ ಕರುಳಿನಂತೆ ಸುತ್ತಿಕೊಂಡಿತ್ತು. ಅವರು ಕನ್ನಡಕ ಸರಿಮಾಡಿಕೊಂಡು, ಬೆರಳ ತುದಿಯಲ್ಲಿ, ಮುಳ್ಳು ತೆಗೆಯುವವರಂತೆ ಬಿಡಿಸಿದರು. ಎಳೆದಷ್ಟೂ ಬಂತು.

“ಹರಿದಿಲ್ಲ. ಸುಕ್ಕು ಬಿದ್ದಿದೆ,” ಎಂದರು ಕೊನೆಗೆ. “ಆ ಜಾಗಾನೇ. ತಿರುಚ್ಕೊಳ್ಳದ ಹಾಗೆ ಸುತ್ತಿದ್ರೆ ಬದುಕಿದ್ರೂ ಬದುಕೀತು. ನೆಲಕ್ಕೆ ಮಾತ್ರ ತಾಗ್ಬಾರ್ದು, ಧೂಳು ಹಿಡ್ಯುತ್ತೆ. ಯಾರಾದ್ರೂ ಹಿಡ್ಕೊಳ್ಳಿ.”

ಮಗಳು ಒಂದು ಕಡೆ ಹಿಡಿದಳು. ಇನ್ನೂ ಉಳಿಯಿತು. ಅಮ್ಮ ಹಿಡಿದಳು. ಇನ್ನೂ ಇತ್ತು, ಅತ್ತೆಯೂ ಹಿಡಿದಳು. ಹೀರೋಯಿನಮ್ಮ ಕೈ ಚಾಚಿದರು. ಅತ್ತೆ ಒಂದು ಕ್ಷಣ ಆ ಕೈಯನ್ನು ನೋಡಿದಳು, ಆಮೇಲೆ ತನ್ನ ಬೆರಳಲ್ಲಿದ್ದ ಟೇಪನ್ನು ಅದಕ್ಕೆ ದಾಟಿಸಿ, ತಾನು ಮುಂದಿನ ಸುತ್ತು ಹಿಡಿದಳು. ಟೀವಿಯಿಂದ ಮೇಷ್ಟರ ಪಕ್ಕ ಹಾಯ್ದು ಕಿಟಕಿಯವರೆಗೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಕಂದು ಪಟ್ಟಿಯೊಂದು ಕೋಣೆಯ ಉದ್ದಕ್ಕೂ ನಿಂತಿತು. ಸಾಹುಕಾರರು ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲು ತೂರಿಸಿ ಒಂದೊಂದೇ ಹಲ್ಲು ತಿರುಗಿಸತೊಡಗಿದರು.

ಹೊರಗೆ ಹಾರನ್ ಆಯಿತು.

“ಗಾಡಿ ಬಂತು,” ಎಂದ ಅಳಿಯ. “ಅವರಿಗೆ ಇನ್ನೊಂದು ಕಡೆ ಹೋಗ್ಬೇಕಂತೆ. ಕಾಯಲ್ಲ ಅಂತಿದಾರೆ.”

ಹೆಂಗಸರಲ್ಲಿ ಯಾರೂ ಏಳಲಿಲ್ಲ. ಏಳುವ ಹಾಗೂ ಇರಲಿಲ್ಲ. ಪೆನ್ಸಿಲು ತಿರುಗುತ್ತಿತ್ತು.

ಹೊರುವವರು ನಾಲ್ವರು ಬಂದರು. ಬಾಗಿಲಲ್ಲಿ ನಿಂತು ಕೋಣೆ ನೋಡಿದರು. ಮೇಷ್ಟರನ್ನು ಎತ್ತಿದರು. ಬಾಗಿಲಿಗೂ ಅವರಿಗೂ ನಡುವೆ ಟೇಪು ಅಡ್ಡವಿತ್ತು.

ಹೆಂಗಸರು ಕೈಗಳನ್ನು ಕೆಳಗಿಳಿಸಿದರು, ನೆಲಕ್ಕೆ ತಾಗದಷ್ಟು. ಅಮ್ಮನ ಬೆರಳುಗಳ ನಡುವೆ ಸುಕ್ಕು ಬಿದ್ದ ಜಾಗವಿತ್ತು.

“ಕಾಲು,” ಎಂದಳು ಅತ್ತೆ ಸಣ್ಣಗೆ. “ಕಾಲೆತ್ತಿ ದಾಟಿ.”

ಮುಂದಿನ ಇಬ್ಬರು ಭುಜದ ಭಾರಕ್ಕೆ ಬಾಗಿ, ಒಂದೊಂದೇ ಕಾಲನ್ನು ಎತ್ತರಕ್ಕೆ ಎತ್ತಿ, ಮಲಗಿದ ಮಗುವನ್ನು ದಾಟುವಂತೆ ದಾಟಿದರು. ಮೇಷ್ಟರು ದಾಟಿದರು. ಆಮೇಲೆ ಹಿಂದಿನ ಇಬ್ಬರು.